ಕಪ್ಪು ಮುಖವಾಡದವನು ಬಿದ್ದ ಬಗೆ

ತಿಪಟೂರಿನ ಮಾರುಕಟ್ಟೆಯ ಹಿಂಬದಿಯ ಕೊಬ್ಬರಿ ಶೆಡ್ಡಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಮಾಡುವವನು ಯಾರಾದರೂ ಇದ್ದರೆ ಅದು ಕಲ್ಲೇಶ್ ಒಬ್ಬನೇ. ಉಳಿದವರ ಬಾಯಿಗೆ ಬಿಡುವೆಂಬುದಿಲ್ಲ. ಅವರು ಕೊಬ್ಬರಿ ರೇಟಿನ ಬಗ್ಗೆಯೋ ಎಲೆಕ್ಷನ್ನಿನ ಬಗ್ಗೆಯೋ ಮಾತಾಡುತ್ತಾರೆ ಅಂದುಕೊಂಡರೆ ಅದು ನಿಮ್ಮ ತಪ್ಪು. ಅವರ ಮಾತೆಲ್ಲ ಟಿವಿಯಲ್ಲಿ ಬರುವ ಕುಸ್ತಿಯದ್ದು. ದಾಂಡಿಗರು ಒಬ್ಬರನ್ನೊಬ್ಬರು ಎತ್ತಿ ಒಗೆದು, ಕುರ್ಚಿಯಲ್ಲಿ ಬಡಿದು, ಕೊನೆಗೆ ರೆಫರಿ ನೆಲಕ್ಕೆ ಮೂರು ಸಲ ತಟ್ಟಿ ಗೆಲುವು ಸಾರುತ್ತಾನಲ್ಲ, ಆ ಕುಸ್ತಿ. ಇದುವರೆಗಿನ ಮ್ಯಾಚುಗಳಲ್ಲಿ ಯಾವುದು ಎಲ್ಲಕ್ಕಿಂತ ಚೆಂದ, ಯಾವುದು ಶುದ್ಧ ಕಳಪೆ ಎಂಬ ವಾದ ಬೆಳಿಗ್ಗೆ ಶುರುವಾದರೆ ಸಂಜೆ ಶೆಡ್ಡಿನ ಬಾಗಿಲು ಎಳೆಯುವಾಗಲೂ ಮುಗಿದಿರುವುದಿಲ್ಲ.

ಮೇಸ್ತ್ರಿ ರಾಜಣ್ಣನಿಗೆ ಹಳೆಯ ಕಾಲದ್ದೇ ಆಗಬೇಕು. "ಪಂಜರದ ಮ್ಯಾಚ್ ಮುಂದೆ ಇನ್ಯಾವ್ದೂ ಇಲ್ಲ ಕಣ್ಲಾ. ಆ ಗಡ್ಡದವ್ನು ಮ್ಯಾಲಿಂದ ಬಿದ್ನಲ್ಲ, ಅದು ಮ್ಯಾಚು. ಈಗಿನವ್ರು ಮೈಕ್ ಹಿಡ್ಕಂಡು ಭಾಷ್ಣ ಬಿಗಿಯಾಕೇ ಲಾಯಕ್ಕು" ಎನ್ನುತ್ತಾನೆ.

ಸೂರ್ಯಪ್ರಕಾಶ್ ಹೊಸ ಕಾಲದವನು, ಎಲ್ಲವನ್ನೂ ಮೊಬೈಲಿನಲ್ಲೇ ನೋಡುವವನು. "ನಿಂಗೆ ರಕ್ತ ಕಂಡ್ರೆ ಸಾಕು ಬುಡಣ್ಣ. ಹೊಡಿಯೋನು ಯಾರ್ ಬೇಕಾದ್ರೂ ಆಗ್ಬೌದು. ಬೀಳೋನು ನೆಟ್ಟಗೆ ಬಿದ್ರೇನೇ ಮ್ಯಾಚು ನಿಲ್ಲೋದು" ಎಂಬುದು ಅವನ ವಾದ.

ಈ ವಾದಗಳನ್ನು ತೀರ್ಮಾನ ಮಾಡಲು ಶೆಡ್ಡಿನವರು ತಮ್ಮದೇ ಒಂದು ನೇಮ ಮಾಡಿಕೊಂಡಿದ್ದರು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯೊಳಗೆ ಕೊಬ್ಬರಿ ಉಂಡೆಯಾಗಿ ಕರಟದಿಂದ ಬಿಟ್ಟುಕೊಂಡಿರುತ್ತದೆ. ಮೇಲಿನ ನಾರಿನ ಮಟ್ಟೆ ಸುಲಿದು, ಮಚ್ಚಿನ ಬೆನ್ನಿನಿಂದ ಸುತ್ತಲೂ ಹದವಾಗಿ ತಟ್ಟಿದರೆ ಕರಟ ಕಳಚಿ ಉಂಡೆ ಇಡಿಯಾಗಿ ಅಂಗೈಗೆ ಬರುತ್ತದೆ. ಏಟು ಹೆಚ್ಚಾದರೆ ಉಂಡೆ ಹೋಳಾಗಿ ಬೆಲೆಯೂ ಹೋಯಿತು, ಮಾನವೂ ಹೋಯಿತು. ವಾದದಲ್ಲಿ ಒಂದು ಮಾತು ಎತ್ತಿದವನು ಅಲ್ಲೇ ಒಂದು ಕಾಯಿ ಒಡೆಯಬೇಕು. ಉಂಡೆ ಇಡಿಯಾಗಿ ಬಂದರೆ ಅವನ ಮಾತು ಆ ದಿನದ ಮಟ್ಟಿಗೆ ದಿಟ. ಹೋಳಾದರೆ ಬಾಯಿ ಮುಚ್ಚಿಕೊಳ್ಳಬೇಕು. ಹುಚ್ಚಾಟ ಅನ್ನಿ, ಆದರೆ ಈ ನೇಮವನ್ನು ಯಾರೂ ಮೀರುತ್ತಿರಲಿಲ್ಲ.

ಶೆಡ್ಡಿನಲ್ಲಿ ಕಲ್ಲೇಶನ ಕೈಯಷ್ಟು ಹದವಾದ ಕೈ ಇನ್ನೊಂದಿರಲಿಲ್ಲ. ಸೊಂಟ ಸರಿಯಿಲ್ಲವೆಂದು ಅವನು ಮೂಟೆ ಹೊರುವುದನ್ನು ಬಿಟ್ಟು ಕೂತಲ್ಲೇ ಕಾಯಿ ಒಡೆಯುತ್ತಿದ್ದ. ಅವನ ಕೈಯಲ್ಲಿ ಉಂಡೆ ಒಡೆದದ್ದನ್ನು ಕಂಡವರಿಲ್ಲ. ಅವನು ವಾದಕ್ಕೆ ಇಳಿದಿದ್ದರೆ ರಾಜಣ್ಣನ ಪಂಜರದ ಮ್ಯಾಚು ಎಂದೋ ಮೂಲೆ ಸೇರುತ್ತಿತ್ತು. ಆದರೆ ಅವನು ತುಟಿ ಬಿಚ್ಚುತ್ತಿರಲಿಲ್ಲ.

ಚೆಂದದ ಮ್ಯಾಚು ಯಾವುದೆಂದು ದಿನಕ್ಕೊಂದು ತೀರ್ಪು ಬರುತ್ತಿತ್ತು. ಕಳಪೆ ಯಾವುದು ಎಂಬುದರಲ್ಲಿ ಮಾತ್ರ ಎಲ್ಲರದ್ದೂ ಒಂದೇ ಮಾತು. ಬಹಳ ವರ್ಷದ ಹಿಂದೆ ಯಾವನೋ ಒಬ್ಬ ಹೊರಗಿನವನು ತಿಪಟೂರಿನ ಮೈದಾನದಲ್ಲಿ ಹಗ್ಗದ ಅಖಾಡ ಕಟ್ಟಿ, ಟಿಕೆಟ್ ಇಟ್ಟು, ಟಿವಿಯಂಥದ್ದೇ ಕುಸ್ತಿ ಮಾಡಿಸಿದ್ದ. ಅದರಲ್ಲಿ ಬಾಂಬೆಯ ಕರಿಚಿರತೆ ಎಂದು ಕೂಗಿ ಕರೆದು ತಂದ ಕಪ್ಪು ಮುಖವಾಡದವನೊಬ್ಬ ಕಂಬ ಹತ್ತಿ ಹಾರಿದವನು ಧೊಪ್ಪೆಂದು ಬಿದ್ದ, ಎದ್ದು ಹೊಡೆಯಬೇಕಾದ ಹೊತ್ತಿನಲ್ಲಿ ಏಳಲೇ ಇಲ್ಲ. ಪಾರ್ಟು ಮರೆತಿದ್ದಾನೆ ಎಂದು ಜನ ಕೂಗಿದರು, ನಕ್ಕರು, ಖಾಲಿ ಬಾಟಲಿ ಎಸೆದರು. ಮುಂದಿನ ಸಾಲಿನಲ್ಲಿ ಕೂತು ಎಸೆದವರಲ್ಲಿ ರಾಜಣ್ಣನೂ ಒಬ್ಬ. ಆ ಬಿದ್ದ ಬಗೆಯನ್ನು ಅವನು ಅಭ್ಯಾಸ ಮಾಡಿ ಇಟ್ಟುಕೊಂಡಿದ್ದ. ಬಲಗೈಯಿಂದ ಗಾಳಿ ಹಿಡಿಯುವುದು, ಎಡಗಾಲು ಮೈಯಡಿಗೆ ಮಡಚುವುದು, ಕಣ್ಣು ಮೇಲೆ ಮಾಡಿ ಬೀಳುವುದು. ಊಟದ ಹೊತ್ತಿನಲ್ಲಿ ಒಮ್ಮೆ ಮಾಡಿ ತೋರಿಸಿದರೆ ಶೆಡ್ಡಿಗೆ ಶೆಡ್ಡೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಕಲ್ಲೇಶ್ ಕೂಡ ನಕ್ಕಂತೆ ನಟಿಸುತ್ತಿದ್ದ. ಆ ಮುಖವಾಡದೊಳಗೆ ಇದ್ದವನು ಅವನೇ.

ಆಗ ಅವನು ಗಟ್ಟಿ ಆಳು, ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದ. ಬರಬೇಕಾದ ಪೈಲ್ವಾನ ಕೈ ಕೊಟ್ಟಾಗ ಕುಸ್ತಿ ಮಾಡಿಸುವವನು ಇವನ ಮೈಕಟ್ಟು ನೋಡಿ ಕರೆದ. ಹೆಂಡತಿ ಗಂಗಲಕ್ಷ್ಮಿ ಅಂದು ತುಂಬಿದ ಬಸುರಿ. ಈ ಹೊಡೆದಾಟದ ಆಟಕ್ಕೆ ಹೋಗಕೂಡದು ಎಂದು ಅವನ ಕೈಯನ್ನು ಹೊಟ್ಟೆಯ ಮೇಲೆ ಇಡಿಸಿ ಆಣೆ ಮಾಡಿಸಿದ್ದಳು. ಇವನು ಹೂಂ ಅಂದ. ಮಾವನ ತೋಟದಲ್ಲಿ ಕಾಯಿ ಇಳಿಸುವುದಿದೆ ಎಂದು ಹೇಳಿ ಹೊರಟವನು ನೇರ ಮೈದಾನಕ್ಕೆ ಹೋದ. ಸಾವಿರ ಜನರ ಮುಂದೆ ಒಮ್ಮೆ ನಿಲ್ಲಬೇಕೆಂಬ ಆಸೆ, ಇನ್ನೇನಲ್ಲ. ಹಾರಿದವನನ್ನು ಎದುರಿನವನು ಎರಡು ಕೈ ಕೊಟ್ಟು ಹಿಡಿಯಬೇಕೆಂದು ಮೊದಲೇ ಮಾತಾಗಿತ್ತು. ಅವನು ಹಿಡಿಯಲಿಲ್ಲ. ಹಲಗೆಯ ಮೇಲೆ ಬಿದ್ದ ಕಲ್ಲೇಶ್, "ಸೊಂಟ ಹೋಯ್ತು, ಏಳಕ್ಕಾಗ್ತಿಲ್ಲ" ಎಂದು ರೆಫರಿಯ ಕಿವಿಯಲ್ಲಿ ಹೇಳಿದ್ದಕ್ಕೆ, "ಚೆನ್ನಾಗಿ ಮಾಡ್ತಿದೀಯ, ಹಂಗೇ ಇರು" ಎಂದು ಅವನು ಮೂರು ಎಣಿಸಿದ.

ಕುಸ್ತಿಯವರು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದರು. ಅವರಿಗಿಂತ ಮೊದಲೇ ಕಲ್ಲೇಶ್ ಗೂಡ್ಸ್ ಆಟೋದವನ ಕೈಕಾಲು ಹಿಡಿದು, ಮಾಯಸಂದ್ರದ ಕಡೆಯ ಮಾವನ ತೋಟಕ್ಕೆ ಕರೆದೊಯ್ದು, ಬಾವಿಯ ಪಕ್ಕದ ಎತ್ತರದ ತೆಂಗಿನ ಮರದಡಿ ತನ್ನನ್ನು ಮಲಗಿಸಿ ಹೋಗೆಂದು ಬೇಡಿಕೊಂಡಿದ್ದ. ಬೆಳಿಗ್ಗೆ ಮಾವ ಹುಚ್ಚರಂಗಯ್ಯ ಕಂಡಾಗ ಯಾರೂ ಏನೂ ಕೇಳಲಿಲ್ಲ. ತೆಂಗಿನ ಸೀಮೆಯಲ್ಲಿ ಮರದಡಿ ಬಿದ್ದವನು ಮರದಿಂದಲೇ ಬಿದ್ದವನು. ಅಳಿಯ ಹಾಸಿಗೆ ಬಿಟ್ಟು ಏಳುವ ಮೊದಲೇ ಹುಚ್ಚರಂಗಯ್ಯ, ಅವನನ್ನು ಕೆಡವಿದ ಮರವೆಂದು, ಅದನ್ನು ಕಡಿಸಿದ. ಮಗಳು ಗಂಗಲಕ್ಷ್ಮಿ ಹುಟ್ಟಿದ ವರ್ಷ ಅವನೇ ನೆಟ್ಟು ನೀರು ಹೊಯ್ದ ಮರ, ತೋಟದಲ್ಲೇ ಹೆಚ್ಚು ಕಾಯಿ ಬಿಡುವ ಮರ. ಫಲ ಕೊಡುವ ತೆಂಗನ್ನು ಕಡಿಯುವುದೆಂದರೆ ಆ ಕಡೆಯವರಿಗೆ ಹೆತ್ತ ಮಗುವಿನ ಮೇಲೆ ಕೈ ಮಾಡಿದಂತೆ. ಆ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಕಲ್ಲೇಶ್ ಮಲಗಿದಲ್ಲಿಂದಲೇ ಕೊಡಲಿಯ ಸದ್ದು ಕೇಳಿದ. ಅಲ್ಲಿಂದ ಮುಂದೆ ಬಾಯಿ ಬಿಡುವ ದಾರಿಯೇ ಇಲ್ಲದಾಯಿತು.

ಈಗ ಗಂಗಲಕ್ಷ್ಮಿಯೂ ಅದೇ ಶೆಡ್ಡಿನಲ್ಲಿ ಕೊಬ್ಬರಿ ಆರಿಸುವ ಕೆಲಸ ಮಾಡುತ್ತಾಳೆ. ಮಗಳು ಇಂಪನಾ ಹೈಸ್ಕೂಲು.

ಹೋದ ತಿಂಗಳು ಸೂರ್ಯಪ್ರಕಾಶ್ ರಾಜಣ್ಣನ ಅಣಕವನ್ನು ವಿಡಿಯೋ ಮಾಡಿ ಮೊಬೈಲಿನಲ್ಲಿ ಬಿಟ್ಟ. ಅದು ಊರೂರು ಸುತ್ತಿತು. ಒಂದು ಸಂಜೆ ಇಂಪನಾ ನಗು ತಡೆಯಲಾರದೆ ಅಪ್ಪನ ಮುಂದೆ ಹಿಡಿದಳು. "ಅಪ್ಪಾ, ನೋಡಿಲ್ಲಿ. ಎಂಥಾ ಡಬ್ಬಾ ಫೈಟರ್ ಅಂತೀಯ. ನಮ್ ಕ್ಲಾಸಲ್ಲಿ ಎಲ್ರೂ ಹಿಂಗೇ ಬೀಳೋದು ಈಗ."

ಅವಳು ಹೊಟ್ಟೆಯಲ್ಲಿದ್ದಾಗಲೇ ಅವಳ ಮೇಲೆ ಆಣೆ ಮಾಡಿ ಮುರಿದವನು ಕಲ್ಲೇಶ್. ಇದು ತನಗೆ ತಕ್ಕ ಶಾಸ್ತಿ ಎಂದುಕೊಂಡ. ಆದರೂ ಆ ರಾತ್ರಿಯಿಂದ ಅನ್ನ ಸೇರಲಿಲ್ಲ. ಸುಳ್ಳು ಹೇಳಿದ್ದು ಹೌದು, ಆಣೆ ಮುರಿದದ್ದು ಹೌದು. ಆದರೆ ಬಿದ್ದದ್ದು ಸುಳ್ಳಲ್ಲ, ನೋವು ನಾಟಕವಲ್ಲ. ಅದನ್ನು ಒಬ್ಬರಾದರೂ ಒಪ್ಪಬೇಕು. ಒಬ್ಬರು ಸಾಕು. ಹಗಲೂ ಇರುಳೂ ಅದೊಂದೇ ಅವನನ್ನು ತಿನ್ನತೊಡಗಿತು.

ಮೊನ್ನೆ ಊಟ ಮುಗಿದ ಮೇಲೆ ರಾಜಣ್ಣ ಮತ್ತೆ ಬಿದ್ದು ತೋರಿಸಿದ. ಹೆಂಗಸರು ಅಂಗಳದಲ್ಲಿ ಕೊಬ್ಬರಿ ಹರಡುತ್ತಿದ್ದರು. ನಗು ಅಡಗುವ ಮೊದಲೇ ಕಲ್ಲೇಶ್ ಬಾಯಿ ಬಿಟ್ಟ.

"ಅದು ನಾಟ್ಕ ಅಲ್ಲ ರಾಜಣ್ಣ. ಆ ಮುಖವಾಡದವ್ನು ನಾನೇ. ಅವತ್ತು ನಂಗೆ ನಿಜ್ವಾಗ್ಲೂ ಏಳಕ್ಕಾಗ್ಲಿಲ್ಲ."

ಎಲ್ಲರೂ ಮೊದಲಿಗಿಂತ ಜೋರಾಗಿ ನಕ್ಕರು.

"ಬುಡು ಕಣ್ಲಾ. ಮರದಿಂದ ಬಿದ್ದ ಸೊಂಟ ಇಟ್ಕಂಡು ಕರಿಚಿರತೆ ಆದ್ನಂತೆ" ಎಂದ ರಾಜಣ್ಣ. "ಆಗ್ಲಿ, ನೇಮ ಅಂದ್ರೆ ನೇಮ. ಕಾಯಿ ತಗ."

ಕಲ್ಲೇಶ್ ಒಂದು ಕಾಯಿ ಆರಿಸಿ ಕಿವಿಯ ಬಳಿ ಅಲ್ಲಾಡಿಸಿದ. ಒಳಗೆ ಉಂಡೆ ಗಟ್ಟಿಯಾಗಿ ಗುಡುಗುಡು ಅಂದಿತು. ಇಂಥ ಕಾಯಿಯನ್ನು ಅವನು ಕಣ್ಣು ಮುಚ್ಚಿ ಒಡೆಯಬಲ್ಲ. ಆದರೆ ಅಂದು ಕೈ ಅವನ ಮಾತು ಕೇಳಲಿಲ್ಲ. ಮಚ್ಚು ಒಂದು ಕೂದಲೆಳೆಯಷ್ಟು ಜಾಸ್ತಿ ಬಿತ್ತು. ಕರಟದ ಜೊತೆ ಉಂಡೆಯೂ ಎರಡು ಹೋಳಾಗಿ ಮಡಿಲಿಗೆ ಬಿತ್ತು.

"ಹೋಯ್ತು. ಕಾಯೇ ಹೇಳ್ತಲ್ಲಪ್ಪ, ಸುಳ್ಳು ಅಂತ" ಎಂದ ಸೂರ್ಯಪ್ರಕಾಶ್.

ನೇಮದ ಪ್ರಕಾರ ಅಲ್ಲಿಗೆ ಮುಗಿಯಬೇಕಿತ್ತು. ಕಲ್ಲೇಶನಿಗೆ ಎಲ್ಲಿಂದ ಹುಚ್ಚು ಹತ್ತಿತೋ, ಹೆಗಲ ಟವೆಲನ್ನು ಕಣ್ಣು ಮಾತ್ರ ಕಾಣುವಂತೆ ಮುಖಕ್ಕೆ ಸುತ್ತಿಕೊಂಡ. ಪೇರಿಸಿಟ್ಟ ಮೂಟೆಗಳ ಮೇಲೆ ಕೈಯೂರಿ ಹತ್ತತೊಡಗಿದ. ಬೇಡ ಎನ್ನುವ ಒಬ್ಬನಾದರೂ ಇದ್ದನೇ? ಎಲ್ಲರೂ ಶಿಳ್ಳೆ ಹಾಕಿದರು, ಸೂರ್ಯಪ್ರಕಾಶ್ ಮೊಬೈಲ್ ಎತ್ತಿದ. ಕೆಳಗೆ ನಾರಿನ ಗುಡ್ಡೆ ಇತ್ತು, ಅದರ ಮೇಲೆ ಬಿದ್ದರೆ ಏನೂ ಆಗದೆಂದು ಕಲ್ಲೇಶನ ಲೆಕ್ಕ. ಆದರೆ ಒತ್ತಿ ಹಾರಬೇಕಾದ ಎಡಗಾಲಿನಲ್ಲಿ ಹಳೆಯ ಏಟಿನಿಂದ ಬಲವಿರಲಿಲ್ಲ. ಗುಡ್ಡೆಗಿಂತ ಇತ್ತಲಾಗಿ, ಸಿಮೆಂಟಿನ ನೆಲಕ್ಕೆ ಬಿದ್ದ. ಬಲಗೈ ಗಾಳಿ ಹಿಡಿಯಿತು. ಎಡಗಾಲು ಮೈಯಡಿಗೆ ಮಡಚಿಕೊಂಡಿತು.

ಇಷ್ಟು ವರ್ಷ ಅದನ್ನೇ ಅಣಕಿಸಿದ್ದ ರಾಜಣ್ಣನಿಗೆ ಗುರುತು ಹತ್ತದೆ ಇರುತ್ತದೆಯೇ. "ಲೇ, ಇವ್ನೇ ಕಣ್ಲಾ. ಅದೇ ಕೈ, ಅದೇ ಕಾಲು. ದೇವ್ರಾಣೆ ಇವ್ನೇ" ಎಂದು ಪಕ್ಕದಲ್ಲಿ ಮಂಡಿಯೂರಿ ನೆಲ ತಟ್ಟಿದ. "ಒಂದು. ಎರಡು. ಮೂರು."

ಶೆಡ್ಡು ಚಪ್ಪಾಳೆಯಿಂದ ತುಂಬಿಹೋಯಿತು. "ಇದು ಬೀಳೋದು ಅಂದ್ರೆ. ನಾನ್ ನೋಡಿದ್ರಲ್ಲೆಲ್ಲ ಇದೇ ಬೆಸ್ಟ್" ಎಂದ ಸೂರ್ಯಪ್ರಕಾಶ್, ಮೊಬೈಲ್ ಇಳಿಸದೆಯೇ.

"ಏಳಕ್ಕಾಗ್ತಿಲ್ಲ ರಾಜಣ್ಣ" ಎಂದ ಕಲ್ಲೇಶ್. ಟವೆಲಿನೊಳಗಿಂದ ಅವನ ದನಿ ಅವನಿಗೇ ದೂರದಿಂದ ಬಂದಂತಿತ್ತು. "ಕಾಲು ಗೊತ್ತಾಗ್ತಿಲ್ಲ."

"ಅಬ್ಬಬ್ಬಾ, ಏನ್ ಆಕ್ಟಿಂಗು. ಅವತ್ತು ಹಿಂಗೆ ಮಾಡಿದ್ರೆ ನಾನ್ಯಾಕ್ಲಾ ಬಾಟ್ಲಿ ಎಸಿತಿದ್ದೆ" ಎಂದು ರಾಜಣ್ಣ ಅವನ ಎದೆ ತಟ್ಟಿದ.

ಗದ್ದಲ ಕೇಳಿ ಅಂಗಳದಿಂದ ಗಂಗಲಕ್ಷ್ಮಿ ಒಳಗೆ ಬಂದಳು. "ಬಾ ಗಂಗಲಕ್ಷ್ಮಕ್ಕ, ನೋಡು. ಮೈದಾನದಲ್ಲಿ ಬಿದ್ದ ಆ ಮುಖವಾಡದವ್ನು ನಿನ್ ಗಂಡನೇ ಕಣಕ್ಕ, ಇಷ್ಟ್ ದಿನ ನಮ್ಗೆಲ್ಲ ಟೋಪಿ ಹಾಕವ್ನೆ" ಎಂದು ಯಾರೋ ಕೂಗಿದರು. ಅವಳು ಆ ಮಾತನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಕೂತು ಟವೆಲ್ ಎಳೆದಳು. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಹಲ್ಲು ತುಟಿಯನ್ನು ಕಚ್ಚಿ ಹಿಡಿದಿತ್ತು.

"ನಗ್ಬ್ಯಾಡ್ರಪ್ಪ" ಎಂದಳು. "ಇದು ಆಟ ಅಲ್ಲ. ಆಟೋ ಕರೀರಿ ಯಾರಾದ್ರೂ. ಮರದಿಂದ ಬಿದ್ದಾಗ್ಲೂ ಇವರ ಮುಖ ಹಿಂಗೇ ಇತ್ತು."

ಸೂರ್ಯಪ್ರಕಾಶನ ಕೈ ಕೆಳಗಿಳಿಯಿತು. ರಾಜಣ್ಣ ನೆಲ ತಟ್ಟಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಗೆ ಒರೆಸಿಕೊಂಡು, ಆಟೋ ತರಲು ಓಡಿದ. ಇದು ಆಟ ಅಲ್ಲ ಎಂಬ, ಇಷ್ಟು ವರ್ಷ ಕಾದಿದ್ದ ಮಾತು ಕೊನೆಗೂ ಒಬ್ಬರ ಬಾಯಿಂದ ಬಂದಿತ್ತು. ಆ ಒಬ್ಬರು ಗಂಗಲಕ್ಷ್ಮಿ ಆಗಬಾರದಿತ್ತು ಎಂದು ಕಲ್ಲೇಶನಿಗೆ ಅನಿಸಿತು.

ಯಾಕೆಂದರೆ ಅವಳು ಅವನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಳ್ಳುತ್ತಿದ್ದವಳು ಅರ್ಧಕ್ಕೇ ನಿಂತಳು. ಆಗ ಯಾರೋ ಕೂಗಿ ಹೇಳಿದ ಮಾತು ಅವಳಿಗೆ ಈಗ ತಲುಪಿತ್ತು.

"ಮೈದಾನದಲ್ಲಿ ಬಿದ್ದಿದ್ದು ನೀವಾ?"

ಅವನು ಕಣ್ಣು ಮುಚ್ಚಿ ಹೂಂ ಅಂದ.

"ಹಂಗಾದ್ರೆ, ನಮ್ಮಪ್ಪ ಕಡಿಸಿದ ಮರ?"

"ಮರದ್ದೇನೂ ತಪ್ಪಿರ್ಲಿಲ್ಲ ಕಣೇ."

ಗಂಗಲಕ್ಷ್ಮಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಆಟೋ ಬಂದು ನಾಲ್ಕು ಜನ ಬಾಗಿಲ ಹಲಗೆಯ ಮೇಲೆ ಅವನನ್ನು ಎತ್ತುವವರೆಗೂ ಕೆಳಗಿಳಿಸಲಿಲ್ಲ. ಆಸ್ಪತ್ರೆಯ ದಾರಿಯುದ್ದಕ್ಕೂ ಕುಲುಕದಂತೆ ಹಿಡಿದುಕೊಂಡೇ ಇದ್ದಳು. ಕಣ್ಣು ಮಾತ್ರ ದಾರಿಬದಿಯ ತೆಂಗಿನ ಮರಗಳ ಮೇಲೆಯೇ ಇತ್ತು.