ಮೇಸ್ತ್ರಿಯ ಮೊಟ್ಟೆ

ಸಂಗ್ರಹಾಲಯದಲ್ಲಿ ಕಲ್ಲು ಪರೀಕ್ಷಿಸುವ ಕೆಲಸಕ್ಕೆ ಸೇರಿದ ಎರಡನೇ ವಾರ ಗೋಡೆ ಕಟ್ಟುವ ಮೇಸ್ತ್ರಿಯೊಬ್ಬ ಕೋಣೆಗೆ ಬಂದದ್ದು ಆ ಪರೀಕ್ಷಕಿಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮೀಸೆಯ ಮೇಲೆ ಸಿಮೆಂಟಿನ ಧೂಳು. ನೆಲ ಕೊಳೆಯಾದೀತೆಂದು ಎಡಗೈಯಲ್ಲಿ ಹಿಡಿದ ಚಪ್ಪಲಿ. ಕಂಕುಳಲ್ಲಿ ಟವೆಲು ಸುತ್ತಿದ ಗಂಟು. ಹಿಂದೆಯೇ ಹೆಂಡತಿ.

ಮೇಸ್ತ್ರಿ ಮೊದಲು ಜೇಬಿನಿಂದ ಅಂಗೈಯಗಲದ ಒಂದು ಕಲ್ಲಿನ ಚಕ್ಕೆ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಗಂಟು ಬಿಚ್ಚಿ, ಮಗುವಿನ ತಲೆಯಷ್ಟು ದೊಡ್ಡ ಬೂದು ಕಲ್ಲನ್ನು ಉರುಳದಂತೆ ಅದಕ್ಕೆ ಒರಗಿಸಿದ. ಗೋಡೆಯಲ್ಲಿ ಕಲ್ಲು ಅಲುಗದಂತೆ ಸಂದಿಗೆ ಚಕ್ಕೆ ಕೊಡುವವನು, ಚಕ್ಕೆಯಿಲ್ಲದೆ ಕಲ್ಲಿಡುವ ಅಭ್ಯಾಸ ಅವನ ಕೈಗಿರಲಿಲ್ಲ.

"ಡೈನೋಸಾರ್ ಮೊಟ್ಟೆ ಮೇಡಂ. ಲಕ್ಷಾಂತರ ವರ್ಷದ್ದು. ಮನೆ ಹಿಂದೆ ಪಾಯ ತೋಡುವಾಗ ಸಿಕ್ತು."

"ಸಿಕ್ಕಿದ ದಿನವೇ ಪಾಯ ನಿಂತುಹೋಯ್ತಮ್ಮ," ಎಂದಳು ಹೆಂಡತಿ. "ಇಪ್ಪತ್ತು ದಿನದಿಂದ ಬಯಲಲ್ಲಿ ಅಡುಗೆ ಮಾಡ್ತಿದ್ದೀನಿ. ಊರವರ ಗೋಡೆಯೆಲ್ಲ ಎಬ್ಬಿಸ್ತಾರೆ, ನನ್ನ ಅಡುಗೆಮನೆಗೆ ಮಾತ್ರ ಮೊಟ್ಟೆ ಅಡ್ಡ!"

"ಇನ್ನೂ ನಾಲ್ಕು ಅಲ್ಲೇ ಇದ್ರೆ? ಮೊಟ್ಟೆ ಮೇಲೆ ಗೋಡೆ ಕಟ್ಲಾ?" ಎಂದ ಮೇಸ್ತ್ರಿ.

"ಮೊಟ್ಟೆ ಅಲ್ಲ ಅಂದ್ರೆ?" ಎಂದು ಪರೀಕ್ಷಕಿ ಮೆಲ್ಲಗೆ ಕೇಳಿದಳು.

"ನಾಳೆಯೇ ಗೋಡೆ, ಇವಳಿಗೆ ಮಾತು ಕೊಟ್ಟಿದ್ದೀನಿ. ಆದ್ರೆ ಬೀದಿಯಲ್ಲಿ ತಲೆ ಎತ್ತೋ ಹಾಗಿಲ್ಲ ಮೇಡಂ. ಈಗಲೇ ಚಹಾ ಅಂಗಡಿಯವ 'ಮರಿ ಆಯ್ತಾ?' ಅಂತಾನೆ."

ಅವಳು ಭೂತಗನ್ನಡಿ ಹಿಡಿದಳು. ಮೊಟ್ಟೆಯಾಗಿದ್ದರೆ ಸಿಪ್ಪೆ ಬೇಕು, ಸಿಪ್ಪೆಯಲ್ಲಿ ಸಣ್ಣ ಸಣ್ಣ ರಂಧ್ರ ಬೇಕು. ಎರಡೂ ಇರಲಿಲ್ಲ. ಒಡೆದ ತುದಿಯಲ್ಲಿ ಈರುಳ್ಳಿಯಂತೆ ನಡುವಿನವರೆಗೂ ಪದರದೊಳಗೆ ಪದರ.

"ಮಣ್ಣಿನೊಳಗೆ ಸುತ್ತಲೂ ಗಟ್ಟಿಯಾಗ್ತಾ ಬೆಳೆದ ಕಲ್ಲು ಇದು. ಮೊಟ್ಟೆ ಅಲ್ಲ ಮೇಸ್ತ್ರಿಗಳೇ."

ಮೇಸ್ತ್ರಿಯ ಮುಖ ಇಂಗು ತಿಂದ ಮಂಗನಂತಾಯಿತು. ಹೆಂಡತಿಯ ಕಣ್ಣಲ್ಲಿ ಆಗಲೇ ನಾಲ್ಕು ಗೋಡೆ ಎದ್ದಿದ್ದವು.

ಅವನು ಕಲ್ಲನ್ನೆತ್ತಿಕೊಂಡಾಗ ಚಕ್ಕೆ ಮಗುಚಿ ಬಿತ್ತು. ಅದರ ಅಡಿಯಲ್ಲಿ ಬೀಸಣಿಗೆ ಬಿಡಿಸಿದಂತೆ ಗೆರೆಗಳು. ಎಲ್ಲವೂ ಒಂದೇ ಬಿಂದುವಿನಿಂದ ಹೊರಟಿದ್ದವು. ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ. ಅವಳು ಭೂತಗನ್ನಡಿಯನ್ನು ಮತ್ತೆ ಕೈಗೆತ್ತಿಕೊಂಡಳು.

"ಇದೆಲ್ಲಿ ಸಿಕ್ತು?"

"ಅದೇ ಪಾಯದಲ್ಲಿ. ಬರೀ ಚಕ್ಕೆ ಮೇಡಂ. ಒಂದು ಬುಟ್ಟಿ ಇದೆ."

"ಮೇಸ್ತ್ರಿಗಳೇ, ಪಳೆಯುಳಿಕೆ ಅಂದ್ರೆ ಇದು! ಸಮುದ್ರದ ಚಿಪ್ಪು."

ಮೇಸ್ತ್ರಿಯ ತಲೆ ಎದ್ದಿತು. ಹೆಂಡತಿ ಹಣೆ ಚಚ್ಚಿಕೊಂಡಳು. "ಆಯ್ತು, ಇನ್ನು ಗೋಡೆ ಎದ್ದ ಹಾಗೇ!"

"ಮಾತು ಮಾತೇ ಕಣೇ," ಎಂದ ಮೇಸ್ತ್ರಿ. "ಮೊಟ್ಟೆ ಅಲ್ಲ ಅಂದ್ರಲ್ಲ."

ಮರುದಿನ ಬೆಳಿಗ್ಗೆ ಪರೀಕ್ಷಕಿಯೇ ಹೋಗಿ ಪಾಯಕ್ಕಿಳಿದು ಅಲ್ಲಿ ಬೇರೇನೂ ಉಳಿದಿಲ್ಲವೆಂದು ನೋಡಿಕೊಂಡಳು, ಬುಟ್ಟಿಯ ಚಕ್ಕೆಗಳಲ್ಲಿ ಚಿಪ್ಪಿದ್ದ ಏಳನ್ನು ಆರಿಸಿಕೊಂಡಳು. ಮಧ್ಯಾಹ್ನ ಗೋಡೆ ಶುರುವಾಯಿತು. ಮೊಟ್ಟೆ ಈಗ ಅಡುಗೆಮನೆಯ ಬಾಗಿಲು ಬಡಿಯದಂತೆ ಕಾಯುತ್ತಿದೆ.

ಮೇಸ್ತ್ರಿ ಇವತ್ತಿಗೂ ಗೋಡೆ ಕಟ್ಟುತ್ತಾನೆ. ಪ್ರತಿ ಚಕ್ಕೆಯನ್ನೂ ಮಗುಚಿ ನೋಡಿಯೇ ಸಂದಿಗೆ ಇಡುತ್ತಾನೆ.