ನನಗೆ ಆಗದಿದ್ದ ಕಿಡ್ನಿ ಕಲ್ಲು

ಚಳಿಗಾಲದಲ್ಲಿ ದೆಹಲಿಯ ಹೆಂಗಸರಿಗೆಲ್ಲ ಬಟಾಣಿ ಬಿಡಿಸುವುದೇ ಒಂದು ಉದ್ಯೋಗ. ಬಿಸಿಲು ಬರುವುದೇ ತಡ, ನಮ್ಮ ದ್ವಾರಕಾ ಬಡಾವಣೆಯ ಅಪಾರ್ಟ್‌ಮೆಂಟ್ ಸೊಸೈಟಿಯ ಒಂದೊಂದು ಬಾಲ್ಕನಿಯಲ್ಲೂ ಒಬ್ಬೊಬ್ಬರು ಅಗಲವಾದ ತಟ್ಟೆ ಇಟ್ಟುಕೊಂಡು ಕೂತುಬಿಡುತ್ತಾರೆ. ಹೋದ ಭಾನುವಾರ ನಾನೂ ಕೂತಿದ್ದೆ. ಸಿಪ್ಪೆ ಸೀಳಿದಾಗ ಬರುವ ಹಸಿರು ವಾಸನೆ ನನಗೆ ಬಹಳ ಇಷ್ಟ. ಅನಘಾ, ನೀನು ಫೋನು ಹಿಡಿದು ಪಕ್ಕದಲ್ಲಿ ಬಂದು ಕೂತೆ. ಬಿಡಿಸುವುದಕ್ಕಲ್ಲ, ತಿನ್ನುವುದಕ್ಕೆ.

"ಅಜ್ಜಿ, ಶನಿವಾರ ಆಫೀಸಲ್ಲಿ ಹೆಲ್ತ್ ಚೆಕಪ್ ಇದೆ. ಫಾರ್ಮ್ ತುಂಬಬೇಕು. ನಮ್ಮ ಫ್ಯಾಮಿಲೀಲಿ ಯಾರಿಗಾದ್ರೂ ಹಾರ್ಟ್ ಪ್ರಾಬ್ಲಮ್?"

"ನಿಮ್ಮಜ್ಜನಿಗಿತ್ತು."

"ಅಚ್ಛಾ. ಕ್ಯಾನ್ಸರ್? ಅಜ್ಜಿ, ಅಮ್ಮ, ಅತ್ತೆ, ಯಾರಿಗಾದ್ರೂ? ಇದ್ರೆ ಡಾಕ್ಟರ್‌ಗೆ ಹೇಳ್ಬೇಕಂತೆ, ನನಗೆ ಯಾವಾಗಿಂದ ಟೆಸ್ಟ್ ಮಾಡ್ಬೇಕು ಅಂತ ಅವರು ನೋಡ್ತಾರಂತೆ."

"ಇಲ್ಲ" ಎಂದೆ. ಬಟಾಣಿ ಸಿಪ್ಪೆಯಿಂದ ಹಾರುವುದಕ್ಕಿಂತ ಬೇಗ ಹಾರಿಬಿತ್ತು ಆ 'ಇಲ್ಲ'. ನೀನು ಫೋನಿನಲ್ಲಿ ಏನೋ ಒತ್ತಿ, ಇನ್ನೊಂದು ಹಿಡಿ ಬಟಾಣಿ ಬಾಯಿಗೆ ಹಾಕಿಕೊಂಡು ಎದ್ದು ಹೋದೆ. ನಾನು ಆ ಮೇಲೆ ಬಿಡಿಸಿದ್ದರಲ್ಲಿ ಅರ್ಧ ಬಟಾಣಿ ಸಿಪ್ಪೆಯ ರಾಶಿಗೂ ಅರ್ಧ ಸಿಪ್ಪೆ ಬಟಾಣಿಯ ರಾಶಿಗೂ ಬಿತ್ತು.

ಮಕ್ಕಳೇ, ನಾನು ಹೇಳಿದ್ದು ಸುಳ್ಳು. ಬಾಯಲ್ಲಿ ಹೇಳಲು ಧೈರ್ಯ ಸಾಲದೆ, ಅನಘಾ, ನಿನ್ನ ತಮ್ಮ ನಿಹಾಲನ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಶನಿವಾರದೊಳಗೆ ಮುಗಿಸಬೇಕು.

ಧೈರ್ಯದ ವಿಷಯ ಬಂದದ್ದರಿಂದ ಮೊದಲು ನನ್ನ ಓದಿನ ಬಗ್ಗೆ ಹೇಳಿಬಿಡುತ್ತೇನೆ. ನಾನು ಓದಿದ್ದು ಹಿರಿಯೂರಿನ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ವಿಜ್ಞಾನದ ಪುಸ್ತಕದಲ್ಲಿ 'ಮಾನವನ ದೇಹ' ಎಂಬ ಪಾಠ ಬಂದಾಗ ಮೇಷ್ಟ್ರು ಕೆಮ್ಮಿ, "ಇದನ್ನ ಮನೇಲಿ ಓದ್ಕೊಳ್ಳಿ" ಎಂದು ಸೀದಾ 'ಬೆಳಕು ಮತ್ತು ನೆರಳು' ಪಾಠಕ್ಕೆ ಹಾರಿದರು. ಮನೆಯಲ್ಲಿ ನಮ್ಮವ್ವ ಆ ಪುಟವನ್ನು ನೋಡಿ, ಪುಸ್ತಕ ಮುಚ್ಚಿ, ಅದರ ಮೇಲೆ ಮಜ್ಜಿಗೆ ಪಾತ್ರೆ ಇಟ್ಟರು. ಹೀಗಾಗಿ ಬೆಳಕು ನೆರಳಿನ ಬಗ್ಗೆ ನನಗೆ ಬೇಕಾದಷ್ಟು ಗೊತ್ತು. ನನ್ನ ದೇಹದ ಬಗ್ಗೆ ಕೇಳಿದರೆ ಇವತ್ತಿಗೂ ಕೆಮ್ಮುತ್ತೇನೆ.

ನಿಮ್ಮಜ್ಜ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದರು. ಆಗ ನಾವಿದ್ದದ್ದು ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿ, ಎರಡನೇ ಮಹಡಿ. ಅವರ ದಿನಚರಿ ಹೇಳುತ್ತೇನೆ, ಕೇಳಿ: ಮನೆಯಲ್ಲಿ ಕೂತು ತಿಂಡಿ, ಬಸ್ಸಿನಲ್ಲಿ ಕೂತು ಪ್ರಯಾಣ, ಕಚೇರಿಯಲ್ಲಿ ಕೂತು ಫೈಲು, ಫೈಲಿನ ನಡುವೆ ಚಹಾ, ಚಹಾದ ಜೊತೆ ಸಮೋಸ, ಸಮೋಸದ ಮೇಲೊಂದು ಸಿಗರೇಟು. ನಿಲ್ಲುತ್ತಿದ್ದದ್ದು ಬಸ್ಸಿನ ಕ್ಯೂನಲ್ಲಿ ಮಾತ್ರ. ಮನೆಗೆ ಬಂದರೆ ನಾನು ಬೇರೆ. ಅನ್ನದ ಮೇಲೆ ತುಪ್ಪ ಹರಿದು ತಟ್ಟೆಯಂಚು ಮುಟ್ಟದಿದ್ದರೆ ಪ್ರೀತಿ ಕಡಿಮೆಯಾಯಿತೆಂದು ತಿಳಿದವಳು. ನಲವತ್ತೇಳನೇ ವಯಸ್ಸಿಗೆ ಕಚೇರಿಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದರು. ಹದಿನೈದು ದಿನ ಆಸ್ಪತ್ರೆ. ಬದುಕಿ ಬಂದರು.

ಡಾಕ್ಟರು ಒಂದು ಚೀಟಿ ಬರೆದುಕೊಟ್ಟಿದ್ದರು. ತುಪ್ಪ, ಕರಿದದ್ದು, ಸಿಹಿ, ಸಿಗರೇಟು ಬಿಡಬೇಕು, ದಿನಾ ಬೆಳಿಗ್ಗೆ ನಡೆಯಬೇಕು. ಸಿಗರೇಟನ್ನು ಅವರು ಆಸ್ಪತ್ರೆಯಲ್ಲೇ ಬಿಟ್ಟರು. ಆ ಚೀಟಿಯನ್ನು ನಾನು ದೇವರ ಪಟದ ಪಕ್ಕದಲ್ಲೇ ಅಂಟಿಸಿದೆ. ಎಣ್ಣೆ ಕಾಣದ ಪಲ್ಯ, ಒಣ ಚಪಾತಿ. ಅವರು ಒಂದು ಮಾತೂ ಆಡದೆ ತಿನ್ನುತ್ತಿದ್ದರು. ಎಂಥ ಸಾಧು ಮನುಷ್ಯ ಎಂದು ನನಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಬೆಳಿಗ್ಗೆ ವಾಕಿಂಗ್ ಅಂತೂ ತಪ್ಪಿಸುತ್ತಲೇ ಇರಲಿಲ್ಲ. ಇಬ್ಬರು ಕನ್ನಡದ ಸ್ನೇಹಿತರು ಕೆಳಗಿನಿಂದ ಕೂಗಿದರೆ ಸಾಕು, ಮದುವೆಗೆ ಹೊರಟವರ ಹಾಗೆ ಇಳಿದು ಹೋಗುತ್ತಿದ್ದರು. ಆದರೆ ಮೂರು ತಿಂಗಳಾದರೂ ಪ್ಯಾಂಟು ಸಡಿಲವಾಗುವ ಲಕ್ಷಣವೇ ಇಲ್ಲ.

ಒಂದು ದಿನ ದಟ್ಟ ಮಂಜು. ಅವರು ಮಂಕಿ ಕ್ಯಾಪ್ ಮರೆತು ಹೋದರು. ನಾನು ಅದನ್ನು ಹಿಡಿದು ಶಾಲು ಹೊದ್ದು ಹಿಂದೆಯೇ ಹೊರಟೆ. ಪಾರ್ಕಿನಲ್ಲಿ ಇಲ್ಲ. ಮಾರ್ಕೆಟ್ಟಿನ ಕಡೆ ಹೋದೆ. ಅಲ್ಲಿ ಹಲ್ವಾಯಿಯ ಅಂಗಡಿಯ ಮುಂದೆ, ಬಾಣಲೆಯ ಹೊಗೆಯೋ ಮಂಜೋ ತಿಳಿಯದಂತಿದ್ದ ಬಿಳುಪಿನಲ್ಲಿ, ನಾಲ್ಕೈದು ಜನ ಬೆನ್ನು ತಿರುಗಿಸಿ ನಿಂತಿದ್ದರು. ಎಲ್ಲರಿಗೂ ಒಂದೇ ತರಹದ ಮಫ್ಲರು. ಯಾರು ನನ್ನವರು? ಹೆಸರು ಹಿಡಿದು ಕೂಗುವ ಪದ್ಧತಿ ನಮ್ಮಲ್ಲಿಲ್ಲ. ಹತ್ತಿರ ಹೋಗಿ ಮುಖ ನೋಡಲು ನಾಚಿಕೆ. ಇದ್ದಬದ್ದ ಧೈರ್ಯವೆಲ್ಲ ಸೇರಿಸಿ ಕೂಗಿದೆ:

"ರೀ!"

ಮೂವರು ಒಟ್ಟಿಗೆ ತಿರುಗಿದರು. ಮೂವರ ಬಾಯಲ್ಲೂ ಜಿಲೇಬಿ. ಒಬ್ಬರು ಸಕ್ಕರೆ ಕಾಯಿಲೆಯವರು, ಒಬ್ಬರು ಬಿ.ಪಿ.ಯವರು, ಮೂರನೆಯವರು ನಮ್ಮವರು. ಮೂವರಿಗೂ ನಡೆಯಲು ಹೇಳಿದ್ದು ಅವರವರ ಡಾಕ್ಟರೇ. ತಮ್ಮ ಹೆಂಡತಿಯಲ್ಲ ಎಂದು ಗೊತ್ತಾದ ಕೂಡಲೇ ಇಬ್ಬರು ಮತ್ತೆ ಹಲ್ವಾಯಿಯ ಕಡೆ ತಿರುಗಿದರು. ನಿಮ್ಮಜ್ಜನ ಗಲ್ಲದ ಮೇಲೆ ಮಾತ್ರ ಪಾಕ ಇಳಿಯುತ್ತಲೇ ಇತ್ತು.

ಇಬ್ಬರೂ ಮನೆಗೆ ಬಂದೆವು. ಬಾಗಿಲು ಹಾಕಿಕೊಂಡ ಮೇಲೆ ಕೇಳಿದೆ, "ಇದೇನ್ರೀ ನಿಮ್ಮ ವಾಕಿಂಗು?"

"ಡಾಕ್ಟ್ರು ನಡೀಬೇಕು ಅಂದ್ರು, ನಡೆದೆ. ಎಲ್ಲಿಗೆ ಅಂತ ಬರೆದಿದ್ದಾರಾ? ನೋಡು ಚೀಟಿ."

ನನಗೆ ಅಳು ನುಗ್ಗಿತು. "ನಿಮಗೇನಾದ್ರೂ ಆದ್ರೆ ನಾನು, ಮಗ ಏನು ಮಾಡ್ಬೇಕು? ನನ್ನ ಹತ್ರ ಮುಚ್ಚಿಡ್ತೀರಲ್ಲ, ಕಟ್ಟಿಕೊಂಡ ಹೆಂಡ್ತಿ ಹತ್ರ ಯಾರಾದ್ರೂ ಇಂಥದ್ದೆಲ್ಲ ಮುಚ್ಚಿ..."

ಅಲ್ಲಿಗೆ ನನ್ನ ನಾಲಿಗೆ ನಿಂತಿತು. ಯಾಕೆಂದರೆ ನಾನೂ ನಾಲ್ಕು ತಿಂಗಳಿಂದ ಒಂದನ್ನು ಮುಚ್ಚಿಟ್ಟಿದ್ದೆ. ಸ್ನಾನ ಮಾಡುವಾಗ ಎದೆಯಲ್ಲಿ ಗಟ್ಟಿಯಾಗಿ ಏನೋ ಕೈಗೆ ಸಿಗುತ್ತಿತ್ತು. ನೋವಿರಲಿಲ್ಲ. ನೋಯದ್ದನ್ನು ಹೇಳಿ ಯಾಕೆ ನಾಚಿಕೆ ಪಡಬೇಕು ಎಂದು ಸುಮ್ಮನಿದ್ದೆ.

ಇಡೀ ದಿನ ಫೈಲು ಓದುವ ಮನುಷ್ಯನಿಗೆ ನಡುವಿನ ಹಾಳೆ ಇಲ್ಲದ್ದು ತಕ್ಷಣ ಗೊತ್ತಾಗುತ್ತದೆ. "ಯಾಕೆ ನಿಲ್ಲಿಸ್ದೆ? ಏನು?" ಎಂದರು. ನಾನು ತಲೆ ತಗ್ಗಿಸಿದೆ. ಎಷ್ಟು ಕೇಳಿದರೂ ಬಾಯಿ ಬರಲಿಲ್ಲ. ಕೊನೆಗೆ ಕ್ಯಾಲೆಂಡರಿನ ಹಿಂದಿನ ತಿಂಗಳ ಹಾಳೆಯ ಬೆನ್ನ ಮೇಲೆ 'ಎದೆಯಲ್ಲಿ ಗಂಟು' ಎಂದು ಎರಡೇ ಪದ ಬರೆದು ಅವರ ಕಡೆ ತಳ್ಳಿ ಅಡುಗೆಮನೆಗೆ ಓಡಿದೆ. ಅವರು ಬಂದು ಬಾಗಿಲಲ್ಲಿ ನಿಂತರು. ಗಲ್ಲದ ಪಾಕ ಇನ್ನೂ ಒರೆಸಿಕೊಂಡಿರಲಿಲ್ಲ.

"ಜಿಲೇಬಿ ಇವತ್ತಿಗೆ ಬಿಟ್ಟೆ. ನೀನು ಚಪ್ಪಲಿ ಹಾಕ್ಕೋ, ಹೊರಡು."

ಆಸ್ಪತ್ರೆಯಲ್ಲಿ ಇದ್ದದ್ದು ಒಬ್ಬ ಪಂಜಾಬಿ ಡಾಕ್ಟರಮ್ಮ. ದೊಡ್ಡ ದನಿ. ಯಾವಾಗಿಂದ ಇದೆ ಎಂದು ಕೇಳಿದರು. "ದೋ ದಿನ್", ಎರಡೇ ದಿನ, ಎಂದೆ. ಪರದೆಯ ಆಚೆಯಿಂದ ನಿಮ್ಮಜ್ಜನ ದನಿ ಬಂತು: "ಚಾರ್ ಮಹೀನೇ, ಡಾಕ್ಟರ್ ಸಾಹಬ್!" ಆ ನಾಲ್ಕು ತಿಂಗಳ ಲೆಕ್ಕವನ್ನು ಆಟೋದಲ್ಲಿ ನನ್ನಿಂದ ಹೇಳಿಸಿಕೊಂಡಿದ್ದರು. ಡಾಕ್ಟರಮ್ಮ ನನ್ನನ್ನು ನೋಡಿ ಹಿಂದಿಯಲ್ಲಿ ಬೈದದ್ದರ ಅರ್ಥ ಇಷ್ಟು: ಇದೇ ಗಂಟು ಮೊಣಕೈಯಲ್ಲಿ ಆಗಿದ್ದರೆ ಮೊಹಲ್ಲಾಕ್ಕೆಲ್ಲ ತೋರಿಸಿಕೊಂಡು ಬರುತ್ತಿದ್ದೆ, ಎದೆ ಮಾತ್ರ ಯಾರದೋ ಪಕ್ಕದ ಮನೆಯವಳದ್ದಾ? ಹೆದರಿಕೆಯ ನಡುವೆಯೂ ನನಗೆ ನಗು ಬಂತು. ಅವರಿಗೂ ಬಂತು. ಆದರೆ ಪರೀಕ್ಷೆಯ ರಿಪೋರ್ಟು ಬಂದಾಗ ಯಾರೂ ನಗಲಿಲ್ಲ. ಆಪರೇಷನ್ ಆಯಿತು, ಆ ಮೇಲೆ ಹಲವು ವಾರ ರೇಡಿಯೇಷನ್ನಿನ ಕರೆಂಟ್ ಕೊಟ್ಟರು. ಇನ್ನೂ ತಡಮಾಡಿದ್ದರೆ ಕಷ್ಟವಿತ್ತು ಎಂದರು.

ಊರಿಗೆ ಏನು ಹೇಳುವುದು? ನಿಮ್ಮಪ್ಪನಿಗೆ ಆಗ ಹತ್ತನೇ ಕ್ಲಾಸಿನ ಪರೀಕ್ಷೆ, ಅವನಿಗೇನು ಹೇಳುವುದು? ನಾನು ಕೈಮುಗಿದು ಕೇಳಿಕೊಂಡೆ, ಆ ಹೆಸರು ಮಾತ್ರ ಬೇಡ ಎಂದು. "ಸರಿ, ಕಿಡ್ನೀಲಿ ಕಲ್ಲು" ಎಂದು ನಿಮ್ಮಜ್ಜ ತೀರ್ಮಾನಿಸಿ ಎಲ್ಲರಿಗೂ ಕಾಗದ ಬರೆದರು.

ಕಲ್ಲಿನ ಸುದ್ದಿ ಹಬ್ಬಿದ್ದೇ, ಬಾಳೆದಿಂಡು ಬರತೊಡಗಿತು. ಕಲ್ಲಿಗೆ ಅದಕ್ಕಿಂತ ಮದ್ದಿಲ್ಲವೆಂದು ನಮ್ಮಕ್ಕ ರೈಲಿನಲ್ಲಿ ದೆಹಲಿಗೆ ಬರುವವರ ಕೈಯಲ್ಲೆಲ್ಲ ದಿಂಡು ಕಳಿಸಿದಳು. ಎರಡು ರಾತ್ರಿ ಪ್ರಯಾಣ ಮಾಡಿ ಕಪ್ಪಗಾಗಿ ಬಂದ ದಿಂಡಿನ ನಾರು ತೆಗೆದು ಪಲ್ಯ, ಕೋಸಂಬರಿ, ರಸ. ನಾನೊಬ್ಬಳೇ ತಿನ್ನುವುದು ನೋಡಲಾರದೆ ನಿಮ್ಮಜ್ಜನೂ ತಿಂದರು. ಸುಳ್ಳು ಹೇಳಿದವರಿಬ್ಬರೂ ಎದುರುಬದುರು ಕೂತು ನಾರು ಅಗಿಯುತ್ತಿದ್ದೆವು. ಜಿಲೇಬಿ ಬಿಟ್ಟರು, ನನ್ನ ಜೊತೆ ಪಾರ್ಕಿನಲ್ಲೇ ನಡೆದರು, ಸಮೋಸ ನಿಲ್ಲಿಸಿದರು. ಮುಂದಿನ ಸಲ ಹೃದಯದ ಡಾಕ್ಟರು ನೋಡಿ, "ಭಲೇ, ಏನು ತಿಂತಿದ್ದೀರಿ?" ಎಂದು ಕೇಳಿದರೆ, "ಹೆಂಡತಿಯ ಕಲ್ಲಿನ ಔಷಧಿ" ಎಂದರಂತೆ. ಆ ಮೇಲೆ ಮೂವತ್ತು ವರ್ಷ ಬಾಳಿದರು. ಆರು ವರ್ಷದ ಹಿಂದೆ ಹೋದಾಗಲೂ ಕೈಕೊಟ್ಟದ್ದು ಹೃದಯವಲ್ಲ, ಜ್ವರ. ಮನೆಯಲ್ಲಿ ನನ್ನ ಗುಟ್ಟು ಗೊತ್ತಿದ್ದವರು ಅವರೊಬ್ಬರೇ; ಅವರೂ ಇಲ್ಲವಾದರು.

ಗುರುವಾರ ಇಷ್ಟು ಬರೆದು, ನೋಟ್‌ಬುಕ್ಕನ್ನು ಅನಘಾ, ನಿನ್ನ ದಿಂಬಿನ ಮೇಲಿಟ್ಟು, ದೊಡ್ಡ ಕೆಲಸ ಮುಗಿಸಿದವಳಂತೆ ಬಂದು ಸೋಫಾದಲ್ಲಿ ಕೂತೆ. ಆಫೀಸಿನಿಂದ ಬಂದ ಸ್ವಲ್ಪ ಹೊತ್ತಿಗೆ ನೀನು ಅದನ್ನು ಎತ್ತಿಕೊಂಡು ಬಂದೆ.

"ಅಜ್ಜಿ, ಯೇ ಕ್ಯಾ ಹೈ? ಇಷ್ಟುದ್ದ ಲೆಟರ್! ನಂಗೆ ಕನ್ನಡ ಓದಕ್ಕೆ ಬರಲ್ಲ ಅಲ್ವಾ? ಅ, ಆ, ಇ, ಈ ಆದ್ಮೇಲೆ ನೀವೇ ಹೋಗಿ ಆಡ್ಕೋ ಅಂತ ಬಿಟ್ಬಿಟ್ರಿ."

ಹೌದು, ಬಿಟ್ಟಿದ್ದೆ. ನಾಲ್ಕು ದಿನ ಬರೆಯುವಾಗ ಒಮ್ಮೆಯೂ ಅದು ನೆನಪಾಗಲಿಲ್ಲ, ನೋಡಿ ನನ್ನ ಬುದ್ಧಿ! ನೀವಿಬ್ಬರೂ ಕೇಳಿದರೆ ಮಾತ್ರ ಕನ್ನಡ ತಿಳಿಯುವವರು.

"ನೀವೇ ಓದಿ" ಎಂದು ನೀನು ನನ್ನ ಪಕ್ಕ ಕಾಲು ಮಡಚಿ ಕೂತೆ. ಊಟದ ಮೇಜಿನಲ್ಲಿದ್ದ ನಿಹಾಲ ಕಿವಿಯಿಂದ ಇಯರ್‌ಫೋನು ತೆಗೆದ. ನಾನು ಕೆಮ್ಮಿದೆ. ಓದಿದೆ. ಜಿಲೇಬಿಯ ಹತ್ತಿರ ಇಬ್ಬರೂ ಬಿದ್ದು ಬಿದ್ದು ನಕ್ಕಿರಿ. ರಿಪೋರ್ಟಿನ ಸಾಲಿಗೆ ಬಂದಾಗ ನಿಂತೆ. ಅಲ್ಲಿಯೂ ನಾನು ಕಾಯಿಲೆಯ ಹೆಸರು ಬರೆದಿರಲಿಲ್ಲ. ನೋಟ್‌ಬುಕ್ ಕೆಳಗಿಟ್ಟು, ನನ್ನದೇ ದನಿಯಲ್ಲಿ, "ನನಗೆ ಕ್ಯಾನ್ಸರ್ ಆಗಿತ್ತು ಕಣಮ್ಮ. ನಿನ್ನ ಫಾರ್ಮಿನಲ್ಲಿ ಬರಿ" ಎಂದೆ.

 ನೀನು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದೆ, "ಯಾವ ಕಡೆ, ಅಜ್ಜಿ?"

ಮೂವತ್ತೈದು ವರ್ಷದಲ್ಲಿ ಡಾಕ್ಟರಲ್ಲದವರು ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಿಹಾಲ ಎದುರಿಗೇ ಇದ್ದ. ನನ್ನ ಕೈ ಸೆರಗಿನ ಕಡೆ ಹೋಗಲಿಲ್ಲ.

"ಎಡಗಡೆ" ಎಂದೆ.