ಸಾವಂತ್ರಮ್ಮ ಕುರ್ಚಿ ಬಿಟ್ಟ ದಿನ

ಸಾವಂತ್ರಮ್ಮ ಅಧ್ಯಕ್ಷೆಯಾದದ್ದು ಹಿರಿತನದ ಬಲದಿಂದ. ಬಳ್ಳಾರಿಯ ಹಂಪೇಶ್ ಅವರ ಜೀನ್ಸ್ ಯೂನಿಟ್ಟಿನಲ್ಲಿ ಅವಳಿಗಿಂತ ಹಳೆಯದೆಂದರೆ ಗುಂಡಿ ಒತ್ತುವ ಮಷೀನು ಒಂದೇ. ಅದು ಹೆಂಗಸಲ್ಲವಾದ್ದರಿಂದ ಕಾನೂನಿಗೆ ಒಪ್ಪಿಗೆಯಾಗಲಿಲ್ಲ.

ಹತ್ತು ಜನ ದುಡಿಯುವ ಕಡೆಯಲ್ಲೆಲ್ಲ, ಹೆಣ್ಣುಮಕ್ಕಳು ಲೈಂಗಿಕ ಕಿರುಕುಳದ ದೂರು ಹೇಳಿಕೊಳ್ಳಲು ಒಂದು ಒಳ ಸಮಿತಿ ಇರಬೇಕೆಂಬ ಕಾನೂನು ಬಂದು ವರ್ಷಗಳೇ ಕಳೆದಿದ್ದವು. ಈಗ ಸಮಿತಿಯ ಹೆಸರುಗಳನ್ನು ಸರ್ಕಾರದ ಪೋರ್ಟಲ್ಲಿಗೂ ಏರಿಸಿ, ಇಲ್ಲದಿದ್ದರೆ ದಂಡ ಕಟ್ಟಿ ಎಂದು ನೋಟಿಸು ಬಂದ ಮೇಲೆ ಹಂಪೇಶ್ ಎಚ್ಚೆತ್ತರು. ಅಧ್ಯಕ್ಷ ತಾನು, ಸದಸ್ಯರು ತನ್ನ ಇಬ್ಬರು ಭಾಮೈದರು ಎಂದು ಬೋರ್ಡು ಬರೆಸಿ ತೆಂಗಿನಕಾಯಿ ಒಡೆದೇಬಿಟ್ಟರು. ಆಡಿಟರು ಬಂದು ಬೋರ್ಡು ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಹಂಪೇಶಣ್ಣ, ಅಧ್ಯಕ್ಷರು ಹೆಂಗಸೇ ಇರ್ಬೇಕ್ರಿ."

"ಹೆಣ್ಮಕ್ಕಳಿಗೆ ಯಾಕ ತ್ರಾಸು ಅಂತ ಬಿಟ್ಟೆ."

"ಅವರಿಗೆ ತ್ರಾಸು ಆಗಬಾರದು ಅಂತಾನ ಐತ್ರಿ ಸಮಿತಿ."

ಹೀಗೆ ಹಂಪೇಶರ ಹೆಸರಿನ ಮೇಲೆ ಸಾವಂತ್ರಮ್ಮನ ಹೆಸರಿನ ಚೀಟಿ ಅಂಟಿತು. ಚೆಕಿಂಗ್ ನೋಡುವ ಎಲ್ಲಮ್ಮ, ಐರನ್ ಹಾಕುವ ಮಾರೇಶ ಸದಸ್ಯರಾದರು. ಹೊರಗಿನವರೊಬ್ಬರು ಬೇಕೆಂದು ಸಿರುಗುಪ್ಪದಲ್ಲಿ ಮಹಿಳಾ ಸಂಘ ನಡೆಸುವ ಜಯಶ್ರೀ ಮೇಡಂ ಬಂದರು. ಆಯುಧಪೂಜೆಯ ದಿನ ಬೋರ್ಡಿಗೂ ಧಾರಾಳವಾಗಿ ವಿಭೂತಿ ಕುಂಕುಮ ಬಿದ್ದು, ದೂರು ಕೊಡುವ ಫೋನ್ ನಂಬರು ದೇವರ ಪಾಲಾಯಿತು.

ಸಾವಂತ್ರಮ್ಮ ಹುಟ್ಟಿದ್ದು ದೇಶನೂರಿನಲ್ಲಿ, ಕೊಟ್ಟದ್ದು ಕುರುಗೋಡಿಗೆ. ಗಂಡ ತೀರಿಕೊಂಡ ಮೇಲೆ ತಮ್ಮ ಹುಲುಗೇಶ ಅವಳನ್ನು ಬಳ್ಳಾರಿಗೆ ಕರೆತಂದು, ತಾನು ಕಟಿಂಗ್ ಮಾಸ್ಟರ್ ಆಗಿ ಸೇರಿದ ದಿನವೇ ಈ ಯೂನಿಟ್ಟಿನಲ್ಲಿ ದಾರದ ತುದಿ ಕತ್ತರಿಸುವ ಕೆಲಸಕ್ಕೆ ಕೂರಿಸಿದ. ಅಂದಿನಿಂದ ಅವಳು ಬಾಗಿಲ ಪಕ್ಕದ ಅದೇ ಜಾಗದಲ್ಲಿ ಕೂತು, ಬಂದವರನ್ನೂ ಹೋದವರನ್ನೂ ಕಂಡಿದ್ದಾಳೆ.

ಆ ಯೂನಿಟ್ಟಿನಲ್ಲಿ ಯಾರಿಗೂ ಹೆಸರಿರಲಿಲ್ಲ, ಸಂಬಂಧವಿತ್ತು. ಸಾವಂತ್ರಮ್ಮ ಎಲ್ಲರಿಗೂ ಅತ್ತಿ. ಹುಲುಗೇಶ ಎಲ್ಲರಿಗೂ ಮಾವ. ಸೋದರಮಾವನಾದವನು ಸೊಸೆಯಂದಿರನ್ನು ಚುಡಾಯಿಸುವುದು ಈ ಕಡೆ ನಡೆದುಬಂದ ರೂಢಿ. ಆ ರೂಢಿಗೆ ಕತ್ತರಿ ಹಾಕುವಾಗ ಹುಲುಗೇಶ ಅಳತೆಗಿಂತ ಸಡಿಲ ಬಿಟ್ಟುಕೊಂಡಿದ್ದ.

ಒಂದು ಮಧ್ಯಾಹ್ನ, ಕುರುಗೋಡಿನಿಂದ ಬಸ್ಸಿನಲ್ಲಿ ಬಂದುಹೋಗುವ ರಾಧಾ ಊಟದ ಡಬ್ಬಿ ತೆರೆಯದೆ ಸಾವಂತ್ರಮ್ಮನ ಪಕ್ಕ ಕೂತಳು. ಅವಳು ಪ್ಯಾಂಟಿಗೆ ಸೊಂಟಪಟ್ಟಿ ಹೊಲಿಯುವವಳು. ಮಷೀನಿನ ಅಡಿದಾರ ಕೂರುವ ಪುಟ್ಟ ಡಬ್ಬಿ, ಬಾಬಿನ್ ಕೇಸು, ಅವಳ ಬ್ಯಾಗಿನಲ್ಲಿತ್ತು. ಟೈಲರು ತನ್ನ ಬಾಬಿನ್ ಕೇಸು ಬ್ಯಾಗಿಗೆ ಹಾಕಿಕೊಂಡರೆ ಆ ಯೂನಿಟ್ಟಿನ ಋಣ ತೀರಿತೆಂದೇ ಅರ್ಥ.

"ಯಾಕವ್ವಾ, ಕೇಸು ಯಾಕ ತೆಗೆದಿ?"

"ನಾಳಿಂದ ಬರಂಗಿಲ್ಲತ್ತಿ."

"ಬ್ಯಾರೆ ಕಡಿ ರೇಟು ಜಾಸ್ತಿ ಕೊಡ್ತಾರೇನು?"

"ಇಲ್ಲ. ಮಾವ."

ಸಾವಂತ್ರಮ್ಮನ ಕೈಯಲ್ಲಿದ್ದ ಕತ್ತರಿ ನಿಂತಿತು.

"ಹಿಂದಿಂದ ಬಂದು ಸೊಂಟಕ್ಕ ಕೈ ಹಾಕ್ತಾನ. ಬ್ಯಾಡ ಅಂದ್ರ, ಮಾವಗ ಇಷ್ಟೂ ಹಕ್ಕಿಲ್ಲೇನು ಅಂತಾನ. ನಿನ್ನಿ ಲೈನಿಗೆ ಲೈನೇ ನಕ್ಕಿತು." ರಾಧಾ ತಲೆ ಎತ್ತಿದಳು. "ನೀವೂ ನಕ್ರಿ, ಅತ್ತಿ."

ಸಾವಂತ್ರಮ್ಮ ಸ್ವಲ್ಪ ಹೊತ್ತು ದಾರ ಕತ್ತರಿಸಿದಳು. ಆ ಪ್ಯಾಂಟಿನಲ್ಲಿ ಕತ್ತರಿಸುವ ದಾರ ಉಳಿದಿರಲಿಲ್ಲ.

"ಬರದು ಕೊಡು," ಎಂದಳು.

ಸುದ್ದಿ ತಿಳಿದ ಹಂಪೇಶ್ ಅವಳನ್ನು ಮೂಲೆಗೆ ಕರೆದರು. "ಅತ್ತಿ, ಕಟಿಂಗ್ ಮಾಸ್ಟರ್ ಎದ್ದು ಹೋದ್ರ ಆರ್ಡರೂ ಎದ್ದು ಹೋಗ್ತೈತಿ. ಮನ್ಯಾಗಿನ ಮಾತು, ಬುದ್ಧಿ ಹೇಳಿ ಮುಗಿಸ್ರಿ." ಸಂಜೆ ಹುಲುಗೇಶನೇ ಮನೆಗೆ ಬಂದ.

"ಅಕ್ಕಾ, ನಿನ್ನ ಈ ಊರಿಗೆ ಕರಕೊಂಡು ಬಂದಾಂವ ಯಾರು?"

"ನೀನ."

"ಮತ್ತ?"

"ಮತ್ತ ಗುರುವಾರ ಮೀಟಿಂಗ್ ಐತಿ. ಹೇಳೋದಿದ್ರ ಅಲ್ಲಿ ಬಂದು ಹೇಳು."

ಗುರುವಾರ ಸಮಿತಿ ಕೂತಿತು. ಎದುರಿಗೆ ಒಂದು ಬದಿ ಹುಲುಗೇಶ ಕೂತಿದ್ದ, ಇನ್ನೊಂದು ಬದಿ ರಾಧಾ ನಿಂತಿದ್ದಳು. ಸಾವಂತ್ರಮ್ಮನಿಗೆ ಹಂಪೇಶರ ತಿರುಗುವ ಕುರ್ಚಿ. ಅದು ತಿರುಗದಂತೆ ಅವಳು ಕಾಲೂರಿ ಹಿಡಿದಿದ್ದಳು. ಜಯಶ್ರೀ ಮೇಡಂ ದೂರು ಓದಿ ತಲೆ ಎತ್ತಿದರು.

"ಸಾವಂತ್ರಮ್ಮ, ಇವರು ನಿಮ್ಮ ಸ್ವಂತ ತಮ್ಮ ಅಲ್ಲೇನ್ರಿ? ಹಂಗಾದ್ರ ಇದರಾಗ ನೀವು ತೀರ್ಪು ಕೊಡಂಗಿಲ್ಲ."

ಹುಲುಗೇಶ ಆ ಮಾತನ್ನು ಬೇರೆ ರೀತಿ ಕೇಳಿಸಿಕೊಂಡ. ಅಕ್ಕ ತಪ್ಪಿಸಿಕೊಂಡಳು, ತಾನೂ ಪಾರಾದೆ ಎಂಬಂತೆ ಅವನು ಕಾಲು ಚಾಚಿ ಕೂತ. ಸಾವಂತ್ರಮ್ಮ ಎದ್ದು, ಸೆರಗಿನಿಂದ ಕುರ್ಚಿ ಒರೆಸಿ, ಎಲ್ಲಮ್ಮನನ್ನು ಕೂರಿಸಿದಳು. ಹೊರಗೆ ಹೋಗಲಿಲ್ಲ. ನೇರ ಬಂದು ರಾಧಾಳ ಪಕ್ಕ ನಿಂತಳು.

"ಹಂಗಾದ್ರ ನನ್ನ ಸಾಕ್ಷಿ ಬರಕೊಳ್ರಿ. ಇವನು ಕೈ ಹಾಕಿದ್ದು ನಾ ಕಂಡೀನಿ. ಆಡಿದ ಮಾತೂ ಕೇಳೀನಿ. ಎಲ್ಲರ ಜೊತಿ ನಾನೂ ನಕ್ಕೀನಿ. ಅದನ್ನೂ ಬರೀರಿ."

"ಅಕ್ಕಾ!" ಎಂದ ಹುಲುಗೇಶ.

"ಮೀಟಿಂಗಿನ್ಯಾಗ ಅಕ್ಕ ಪಕ್ಕ ಏನಿಲ್ಲ," ಎಂದಳು ಹೊಸ ಅಧ್ಯಕ್ಷೆ ಎಲ್ಲಮ್ಮ, ಕುರ್ಚಿ ಒಂದು ಸುತ್ತು ತಿರುಗಿಸಿ ನೋಡಿ.

ಕ್ಷಮೆ ಬರೆದುಕೊಡಬೇಕು, ಈ ವರ್ಷ ಸಂಬಳ ಏರುವುದಿಲ್ಲ, ಕಟಿಂಗ್ ಟೇಬಲ್ ಬಿಟ್ಟು ಹೊಲಿಗೆಯ ಲೈನಿನೊಳಗೆ ಕಾಲಿಡಬಾರದು, ಇನ್ನೊಮ್ಮೆ ಆದರೆ ಕೆಲಸವಿಲ್ಲ ಎಂದು ಸಮಿತಿ ಬರೆಯಿತು. ಆರ್ಡರಿನ ಚಿಂತೆಯಲ್ಲಿದ್ದ ಹಂಪೇಶ್ ದಂಡದ ಚಿಂತೆಯಿಂದ ಸಹಿ ಹಾಕಿದರು. ಹುಲುಗೇಶನೂ ಹಲ್ಲು ಕಚ್ಚಿಕೊಂಡು ಒಪ್ಪಿದ. ಆಗ ಸಾವಂತ್ರಮ್ಮ ತನ್ನದೊಂದು ಸೇರಿಸಿದಳು.

"ಇವತ್ತಿಂದ ಇವನಿಗೆ ಇಲ್ಲಿ ಯಾರೂ ಮಾವ ಅನ್ನಂಗಿಲ್ಲ."

ಹುಲುಗೇಶ ಎದ್ದು ನಿಂತ. "ಅದು ಕಾನೂನಿನ್ಯಾಗ ಎಲ್ಲೈತಿ?"

"ಎಲ್ಲೂ ಇಲ್ಲ. ನಾವು ಕೊಟ್ಟಿದ್ದು, ನಾವು ತಗೊಂಡ್ವಿ."

ಮರುದಿನ ಚಹಾ ತಂದ ಮಾರೇಶ "ತಗೊಳ್ರಿ ಸಾರ್" ಎಂದ. ಇಡೀ ಯೂನಿಟ್ಟು ಸಾರ್ ಎಂದಿತು. ಹೆಂಡತಿಯ ತವರಿನಲ್ಲೂ ಅಷ್ಟು ಮರ್ಯಾದೆ ಕಾಣದ ಹುಲುಗೇಶ ಆ ಚಹಾ ಮುಟ್ಟದೆ ಕಟಿಂಗ್ ಟೇಬಲ್ಲಿನ ತುದಿಗೆ ಸರಿಸಿದ. ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬಂದವನು ಹೊಸ್ತಿಲಲ್ಲೇ ನಿಂತು, "ಮನ್ಯಾಗೂ ಸಾರ್ ಏನು?" ಎಂದು ಕೇಳಿದ.

"ಮನ್ಯಾಗ ಸಾರು. ಆರ್ತೈತಿ, ಉಣ್ಣು," ಎಂದಳು ಅಕ್ಕ.

ಸೋಮವಾರ ರಾಧಾ ಬಂದಳು. ಬ್ಯಾಗಿನಿಂದ ಬಾಬಿನ್ ಕೇಸು ತೆಗೆದು ಮಷೀನಿಗೆ ಕೂರಿಸಿದಳು. ಅದು ಟಕ್ಕೆಂದದ್ದು ಬಾಗಿಲ ಪಕ್ಕದ ಸಾವಂತ್ರಮ್ಮನಿಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ರಾಧಾ ಒಂದು ಪ್ಯಾಂಟಿನ ತುಂಡು ಹಿಡಿದು ಕಟಿಂಗ್ ಟೇಬಲ್ಲಿನ ಹತ್ತಿರ ಹೋದಳು.

"ಮಾಸ್ಟರ್, ಈ ಪೀಸು ಸೊಟ್ಟ ಕಟ್ ಆಗೈತಿ."

ಹುಲುಗೇಶ ಟೇಬಲ್ಲಿನ ಆಚೆಯಿಂದಲೇ ಪೀಸು ನೋಡಿದ. ಪೀಸನ್ನಷ್ಟೇ ನೋಡಿದ.

"ಹೌದ್ರಿ," ಎಂದ.